ಧರೆಯ ಮೇಲಿನ ಸಾಲು

ನೆಟ್ಟಣ
೧೪ ಅಕ್ಟೋಬರ್ ೨೦೧೯

ಶಾರ್ಜಾದಲ್ಲಿರುವ ಶಹನಾ ಅವರಿಗೆ,

ನೀವು ನನ್ನನ್ನು ನೋಡಿಲ್ಲ. ನಿಮ್ಮ ತಂದೆ ನಿಮ್ಮ ಹೆಸರಿಗೆ ಬಿಟ್ಟುಹೋದ ಜಾಗಕ್ಕೆ ತಾಗಿ ಕೆಳಗಿರುವುದು ನನ್ನ ಜಾಗ. ಹೆಸರು ತ್ಯಾಂಪಣ್ಣ, ವಯಸ್ಸು ಐವತ್ತೊಂದು, ಕೆಲಸ ಜೇನು ಸಾಕುವುದು. ನಿಮ್ಮ ಮಾಮಿ ಪಾತುಮ್ಮ ನಿಮ್ಮ ಫೋನ್ ನಂಬರ್ ಕೊಟ್ಟಿದ್ದಾರೆ. ಆದರೆ ಬೇರೆಯವರ ನೆಲ ಕೇಳುವ ಮಾತನ್ನು ಫೋನಿನಲ್ಲಿ ಆಡಲು ನನಗೆ ಬರುವುದಿಲ್ಲ. ಈ ಕಾಗದವೂ ಒಂದು ಬಾಟಲಿ ಜೇನೂ ಅವರ ಮಗ ಫಯಾಝ್ ಕೈಯಲ್ಲಿ ಬರುತ್ತಿವೆ.

ಎರಡು ವರ್ಷದ ಹಿಂದೆ ನೀವು ಮನೆ ಕಟ್ಟಲೆಂದು ಗುಡ್ಡ ಕಡಿಸಿ ಜಾಗ ಸಮ ಮಾಡಿಸಿದಿರಿ. ಮನೆ ಏಳಲಿಲ್ಲ. ಜೆಸಿಬಿ ಕಡಿದ ಧರೆ ಮಾತ್ರ ಎರಡಾಳೆತ್ತರಕ್ಕೆ, ಬರಿಯ ಕೆಂಪು ಮಣ್ಣಿನ ಗೋಡೆಯ ಹಾಗೆ, ದಕ್ಷಿಣಕ್ಕೆ ಮುಖ ಮಾಡಿ ನಿಂತಿದೆ. ಸುತ್ತ ರಬ್ಬರ್, ಅದರಾಚೆ ಕಾಡು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಬಿಸಿಲು ಬೀಳುವ ಜಾಗ ಈ ಸುತ್ತಿನಲ್ಲಿ ಅದೊಂದೇ.

ನನ್ನಲ್ಲಿ ಹದಿನೆಂಟು ಪೆಟ್ಟಿಗೆಗಳಿವೆ. ರಬ್ಬರ್ ಚಿಗುರುವ ಫೆಬ್ರವರಿ, ಮಾರ್ಚಿನಲ್ಲಿ ಹುಳಗಳಿಗೆ ಹಬ್ಬ. ಜೂನ್ ಬಂದ ಮೇಲೆ ಏನೂ ಇಲ್ಲ. ಸಕ್ಕರೆ ಪಾಕ ಕೊಟ್ಟು ಹೊಟ್ಟೆ ತುಂಬಿಸಬಹುದು, ಮರಿಗಳಿಗೆ ಬೇಕಾದ ಪರಾಗವನ್ನು ನಾನು ಕಾಯಿಸಿ ಕೊಡಲಾರೆ. ಈ ಮಳೆಗಾಲದಲ್ಲಿ ಏಳು ಕುಟುಂಬಗಳು ಪೆಟ್ಟಿಗೆ ಬಿಟ್ಟು ಹೋದವು. ಇನ್ನೆರಡು ಮಳೆಗಾಲ ಹೀಗೆ ಕಳೆದರೆ ನಾನು ಖಾಲಿ ಪೆಟ್ಟಿಗೆಗಳ ಯಜಮಾನ.

ನಿಮ್ಮ ಧರೆಯ ಮೇಲೆ ಹೂಗಿಡ ನೆಡಲು ಒಪ್ಪಿಗೆ ಬೇಕು. ಒಂದು ಋತುವಿಗೆ ಅರಳಿ ಸಾಯುವ ಹೂಗಳಲ್ಲ, ಬಿಸಿಲು ಕುಡಿದು ವರ್ಷ ವರ್ಷ ಮತ್ತೆ ಚಿಗುರುವಂಥವು. ಮಳೆ ಬಿಟ್ಟು ಒಂದು ಗಂಟೆ ಬಿಸಿಲು ಬಂದರೂ ಹುಳಗಳು ಅಲ್ಲಿಗೆ ಹೋಗಿ ಬಂದಾವು. ಮನೆ ಕಟ್ಟುವ ದಿನ ಹೇಳಿ, ತೆಗೆಯುತ್ತೇನೆ.

ಪಾತುಮ್ಮನಲ್ಲಿ ಕೇಳಿದಾಗ, "ನಮ್ಮ ಜಾಗದಲ್ಲಿ ನಿಮ್ಮ ಹುಳಗಳಿಗೆ ಹೋಟೆಲಾ? ನನ್ನದೇನಿಲ್ಲ ಮಾರಾಯ್ರೆ, ಅವಳತ್ರ ಕೇಳಿ" ಎಂದರು. ಕೇಳಿದ್ದೇನೆ.

ತ್ಯಾಂಪಣ್ಣ


ಶಾರ್ಜಾ
೯ ನವೆಂಬರ್ ೨೦೧೯

ತ್ಯಾಂಪಣ್ಣನವರಿಗೆ,

ಕಡಬದ ಶಾಲೆ ಬಿಟ್ಟ ಮೇಲೆ ಕನ್ನಡದಲ್ಲಿ ಕಾಗದ ಬರೆಯುತ್ತಿರುವುದು ಇದೇ ಮೊದಲು. ಅಕ್ಷರ ನೋಡಿ ನಗಬೇಡಿ. ನನ್ನ ಗಂಡ ನಿಝಾಮ್ ಕಾಸರಗೋಡಿನವರು, ಮಲಯಾಳಂ ಓದಿದವರು. ನಿಮ್ಮ ಕಾಗದವನ್ನು ನಾನೇ ಓದಿ ಹೇಳಿದೆ. "ಬೇಲಿ ಸರಿಸಿ ಆಮೇಲೆ ಜೇನು ಕೊಡುವವರನ್ನು ನೋಡಿದ್ದೇನೆ. ಇವರು ಮೊದಲೇ ಕಳಿಸಿದ್ದಾರಲ್ಲ" ಎಂದರು. ಅವರ ಲೆಕ್ಕದಲ್ಲಿ ಅದು ಒಪ್ಪಿಗೆ.

ನೆಡಿ. ಕಟ್ಟೆ, ಕಂಬ, ಗುಡಿಸಲು ಏನೂ ಬೇಡ, ಗಿಡಗಳಷ್ಟೇ ಇರಲಿ. ಮನೆಯ ಮಾತು ಸದ್ಯಕ್ಕಿಲ್ಲ. ಯಾಕೆಂದು ಬರೆಯುವಂಥದ್ದೂ ಏನಿಲ್ಲ.

ನಾನು ಇಲ್ಲಿ ಒಂದು ಕ್ಲಿನಿಕ್‌ನಲ್ಲಿ ಫೈಲುಗಳನ್ನು ನೋಡಿಕೊಳ್ಳುತ್ತೇನೆ. ನನ್ನ ಕಿಟಕಿಗೆ ಎದುರಿನ ಕಟ್ಟಡದ ಎಸಿ ಪೆಟ್ಟಿಗೆಗಳು ಕಾಣುತ್ತವೆ. ಬಿಸಿಲಿಗೆ ಇಲ್ಲಿ ಬರವಿಲ್ಲ, ಆದರೆ ಅದರಿಂದ ಏನೂ ಅರಳುವುದಿಲ್ಲ. ಯಾವ ಯಾವ ಹೂ ನೆಟ್ಟಿರಿ ಎಂದು ಬರೆಯಿರಿ. ಹೆಸರು ಓದಿಕೊಳ್ಳುತ್ತೇನೆ.

ಶಹನಾ


ನೆಟ್ಟಣ
೨೭ ಸೆಪ್ಟೆಂಬರ್ ೨೦೨೦

ಶಹನಾ ಅವರಿಗೆ,

ವಿಮಾನಗಳಿಲ್ಲ, ಹೋಗುವವರಿಲ್ಲ. ಈ ಕಾಗದ ಯಾವಾಗ ತಲುಪುತ್ತದೋ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಅದರಲ್ಲಿ ಒಂದು ನೆಮ್ಮದಿಯೂ ಉಂಟು.

ಧರೆಯಲ್ಲಿ ಮೂರು ಮೆಟ್ಟಿಲು ಕಡಿದು ಮೂರು ಸಾಲು ಮಾಡಿದೆ. ಕೆಳಗಿನದು ಹತ್ತು ಗಂಟೆ ಹೂ. ಬಿಸಿಲು ಏರಿದ ಮೇಲೆ ತೆರೆದು ಮಧ್ಯಾಹ್ನ ದಾಟುವಾಗ ಮುಚ್ಚುತ್ತದೆ. ಜುಲೈ ಮಳೆಗೆ ಅರ್ಧ ಕೊಳೆಯಿತು, ಉಳಿದದ್ದರ ಕಡ್ಡಿ ಚುಚ್ಚಿದೆ. ನಡುವಿನ ಸಾಲು ತುಳಸಿ, ಕಾಮಕಸ್ತೂರಿ. ಮೇಲಿನ ಸಾಲು ಕೇಪಳ, ಮತ್ತು ಗುಲಾಬಿ ಬಣ್ಣದ ಗೊಂಚಲು ಬಿಡುವ ಒಂದು ಬಳ್ಳಿ. ಅದನ್ನು ಸುಳ್ಯದ ಒಬ್ಬರ ಬೇಲಿಯಿಂದ ತಂದೆ. ಹೆಸರು ಕೇಳಿದರೆ ಅವರಿಗೂ ಗೊತ್ತಿಲ್ಲ. ನಾನು ಜೇನಿನ ಬಳ್ಳಿ ಎನ್ನುತ್ತೇನೆ. ಬೆಳಗಿನ ಹೊತ್ತು ಅದರ ಕೆಳಗೆ ನಿಂತರೆ ದೂರದಲ್ಲೆಲ್ಲೋ ಮಿಲ್ಲು ಓಡುವ ಹಾಗೆ ಕೇಳುತ್ತದೆ.

ತುಳಸಿ ನೋಡಿ ಪಾತುಮ್ಮ, "ಇವತ್ತು ಗಿಡ, ನಾಳೆ ಕಟ್ಟೆ, ನಾಡಿದ್ದು ನಮಗೇ ಜಾಗ ಇಲ್ಲವಾ?" ಎಂದು ಕೇಳಿದರು. ಜೇನಿಗೆ ಬೇಕಾದದ್ದು ಅದರ ಕದಿರು ಮಾತ್ರ ಎಂದೆ. ಒಂದು ಎಲೆ ಚಿವುಟಿ ಮೂಸಿ, "ಇರಲಿ ಬಿಡಿ, ಕೆಮ್ಮಿಗೆ ನಾನೂ ನಾಲ್ಕು ಎಲೆ ಕೊಯ್ಯುದುಂಟು" ಎಂದರು.

ಮಳೆಗೆ ಮೊದಲು ಪಾಲು ಮಾಡಿ ಹದಿನೆಂಟು ಪೆಟ್ಟಿಗೆಯನ್ನೂ ಮತ್ತೆ ತುಂಬಿಸಿದ್ದೆ, ಹದಿನೈದು ಕುಟುಂಬಗಳು ಉಳಿದಿವೆ. ಮೇಲಿನ ಸಾಲನ್ನು ಆಗಸ್ಟಿನಲ್ಲಿ ಸ್ವಲ್ಪ ಬದಲಿಸಬೇಕಾಯಿತು. ಈಗ ಚೆನ್ನಾಗಿದೆ.

ತ್ಯಾಂಪಣ್ಣ

೬ ಫೆಬ್ರವರಿ ೨೦೨೧: ಫಯಾಝ್ ಹೊರಟಿದ್ದಾನೆ. ಕಾಗದವನ್ನು ತಿದ್ದಲಿಲ್ಲ.


ಶಾರ್ಜಾ
೧೮ ಮಾರ್ಚ್ ೨೦೨೧

ತ್ಯಾಂಪಣ್ಣನವರಿಗೆ,

ಐದು ತಿಂಗಳು ಹಳೆಯ ಕಾಗದ ಹೊಸ ಕಾಗದದ ಹಾಗೆಯೇ ಬಂತು. ಫಯಾಝ್ ತನ್ನ ಫೋನಿನಲ್ಲಿ ಒಂದು ಫೋಟೊ ತಂದಿದ್ದ. ಅದನ್ನು ಪ್ರಿಂಟ್ ತೆಗೆಸಿ ಫ್ರಿಜ್ಜಿಗೆ ಅಂಟಿಸಿದ್ದೇನೆ. ಬಂದವರಿಗೆ ನಿಝಾಮ್, "ನಮ್ಮ ಮನೆ. ಗೋಡೆ ಮತ್ತು ಮಾಡು ಆಮೇಲೆ ಬರುತ್ತದೆ" ಎಂದು ತೋರಿಸುತ್ತಾರೆ.

ನನ್ನದೂ ಒಂದು ಪಾಲು ಇರಲಿ ಎಂದು ಇಲ್ಲಿನ ಅಂಗಡಿಯಿಂದ ಆರು ಪ್ಯಾಕೆಟ್ ಬೀಜ ಕಳಿಸಿದ್ದೇನೆ. ಚಿತ್ರ ನೋಡಿ, ಒಂದೊಂದು ಹೂವಿಗೆ ನೂರು ನೂರು ದಳ. ಹೊಟ್ಟೆ ತುಂಬಾ ತಿನ್ನಲಿ ನಿಮ್ಮ ಹುಳಗಳು. ಎದುರಿಗೆ ಕಾಣುವ ಹಾಗೆ ನೆಡಿ.

ಶಹನಾ


ನೆಟ್ಟಣ
೧೧ ಅಕ್ಟೋಬರ್ ೨೦೨೧

ಶಹನಾ ಅವರಿಗೆ,

ನಿಮ್ಮ ಬೀಜ ಹುಟ್ಟಿದವು. ಹೂ ತಟ್ಟೆಯಷ್ಟು ಅಗಲ ಬಂದಿದೆ. ನಡುವಿನ ಸಾಲಿನ ಮುಂದೆಯೇ ನೆಟ್ಟೆ. ಸುಬ್ರಹ್ಮಣ್ಯಕ್ಕೆ ಹೋಗುವ ಒಂದು ಕಾರಿನವರು ನಿಲ್ಲಿಸಿ ಫೋಟೊ ತೆಗೆದುಕೊಂಡರು. ಹುಳಗಳೂ ಬಂದು ಹೋಗುತ್ತಿವೆ.

ಹದಿನೇಳು ಕುಟುಂಬಗಳಿವೆ, ಎರಡು ದೊಡ್ಡವು ಒಡೆದು ಪಾಲಾದವು. ಚುಚ್ಚದ ಪುಟ್ಟ ಮುಜಂಟಿ ಜೇನು ಕೂಡ ಧರೆಯ ಒಂದು ಕಲ್ಲಿನ ಸಂದಿಯಲ್ಲಿ ಮೇಣದ ಕೊಳವೆ ಇಟ್ಟು ಬಾಗಿಲು ಮಾಡಿಕೊಂಡಿದೆ. ಅದನ್ನು ನಾನು ತರಲಿಲ್ಲ, ತಾನಾಗಿ ಬಂತು. ಕೆಲವು ಕೆಲಸಗಳು ಸರಿಯಾಗಿವೆ ಎಂದು ನಮಗೆ ಬೇರೆಯವರಿಂದ ಗೊತ್ತಾಗುತ್ತದೆ.

ಮೇಲಿನ ಸಾಲು ಈ ವರ್ಷವೂ ಹೊಸದು.

ತ್ಯಾಂಪಣ್ಣ


ಶಾರ್ಜಾ
೨೨ ಜನವರಿ ೨೦೨೩

ತ್ಯಾಂಪಣ್ಣನವರಿಗೆ,

ನಿಮ್ಮ ಕಾಗದ ಬಂದು ವರ್ಷ ದಾಟಿದರೂ ಬರೆಯಲಿಲ್ಲ. ಬರೆಯುವ ವರ್ಷವಾಗಿರಲಿಲ್ಲ. ನಿಝಾಮ್ ಅವರ ಕಂಪನಿ ಮುಚ್ಚಿತು. ನಾವು ಊರಿಗೆ ಬರುತ್ತಿದ್ದೇವೆ, ಮನೆ ಕಟ್ಟುತ್ತಿದ್ದೇವೆ. ಈ ಸಲ ನಿಜವಾಗಿ.

ಸಮ ಜಾಗದಲ್ಲಿ ಮನೆ. ಧರೆಯ ವಿಷಯದಲ್ಲಿ ಮಾತ್ರ ಇಲ್ಲಿ ಎರಡು ಮಾತಾಗಿದೆ. ಧರೆಗೆ ಕರಿಕಲ್ಲಿನ ತಡೆಗೋಡೆ ಕಟ್ಟಬೇಕು ಎನ್ನುತ್ತೇನೆ ನಾನು. ಮಳೆಗಾಲದಲ್ಲಿ ಊರಿನ ಸುದ್ದಿ ನೋಡಿದರೆ ಧರೆ ಕುಸಿಯದ ದಿನವಿಲ್ಲ. ಕೆಲಸ ನೋಡಿಕೊಳ್ಳುವವರು ನಿಝಾಮ್ ಅವರ ಅಣ್ಣ ಆದಂ ಕುಂಞಿ. ಅವರು ಹೋಗಿ ನೋಡಿ ಬಂದು, "ಗೋಡೆ ಎಂತಕ್ಕೆ? ಹೂವಿನ ಬೇರು ಹಿಡಿದುಕೊಂಡುಂಟು, ಒಂದು ಕಲ್ಲು ಜಾರಿಲ್ಲ" ಎನ್ನುತ್ತಾರೆ. ಗೋಡೆ ಕಟ್ಟಿದರೆ ನಿಮ್ಮ ಸಾಲುಗಳು ಹೋಗುತ್ತವೆ. ಕಟ್ಟದಿದ್ದರೆ ಹಾಗೆಯೇ ಇರಬಹುದು.

ಹಿಂಬದಿಯ ಕೋಣೆ ನನ್ನ ಉಮ್ಮನಿಗೆ. ಕಿಟಕಿಯಿಂದ ಧರೆಗೆ ಆರೇ ಅಡಿ.

ಮೂರು ಮಳೆಗಾಲ ದಿನಾ ಅದನ್ನು ನೋಡಿದವರು ನೀವು. ನಾನಾಗಲಿ ಆದಂ ಕುಂಞಿಯಾಗಲಿ ಮಳೆಯಲ್ಲಿ ನೋಡಿಲ್ಲ. ನೀವು ಹೇಗೆ ಬರೆಯುತ್ತೀರೋ ಹಾಗೆ ಮಾಡುತ್ತೇನೆ.

ಶಹನಾ


ನೆಟ್ಟಣ
೫ ಫೆಬ್ರವರಿ ೨೦೨೩

ಶಹನಾ ಅವರಿಗೆ,

ನೀವು ಬರುತ್ತಿರುವುದು ಸಂತೋಷ.

ಧರೆ ಮೂರು ಮಳೆಗಾಲ ನಿಂತಿದೆ. ಕೇಪಳದ ಬೇರು ಗಟ್ಟಿ, ಬಳ್ಳಿಯ ಗೆಡ್ಡೆ ಆಳಕ್ಕೆ ಹೋಗುತ್ತದೆ. ಹಸಿರು ಇರುವ ಧರೆ ಬರಿಯ ಧರೆಯ ಹಾಗಲ್ಲ. ನಿಮ್ಮ ಭಾವ ನೋಡಿದ್ದು ಸರಿಯಾಗಿಯೇ ಇದೆ.

ಹತ್ತೊಂಬತ್ತು ಕುಟುಂಬಗಳು.

ತ್ಯಾಂಪಣ್ಣ


ಶಾರ್ಜಾ
೨ ಮಾರ್ಚ್ ೨೦೨೩

ತ್ಯಾಂಪಣ್ಣ,

ನಿಮ್ಮ ಕಾಗದವನ್ನು ಎರಡು ಸಲ ಓದಿ ಹೇಳಿದೆ, ಒಂದು ಸಲ ನಿಝಾಮ್ ಅವರಿಗೆ, ಒಂದು ಸಲ ಪುತ್ತೂರಿನಲ್ಲಿರುವ ಉಮ್ಮನಿಗೆ ಫೋನಿನಲ್ಲಿ. ಗೋಡೆ ಬೇಡವೆಂದು ತೀರ್ಮಾನ. ಮೇ ಒಳಗೆ ಅಡಿಪಾಯ ಎದ್ದೀತು.

ಉಮ್ಮನಿಗೆ ಎಪ್ಪತ್ತಾರು. ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಬೆಳಿಗ್ಗೆ ಬಳ್ಳಿಯ ಕೆಳಗೆ ಮಿಲ್ಲು ಓಡಿದ ಹಾಗೆ ಕೇಳುತ್ತದೆ ಎಂದು ನೀವು ಬರೆದದ್ದನ್ನು ಹೇಳಿದ್ದೆ. "ಹಾಗಾದರೆ ನನ್ನ ಮಂಚವನ್ನು ಕಿಟಕಿಗೆ ತಾಗಿಸಿ ಇಡು" ಎಂದರು. ನಕ್ಷೆಯಲ್ಲಿ ಕಿಟಕಿಯನ್ನು ಒಂದು ಅಡಿ ದೊಡ್ಡದು ಮಾಡಿಸಿದ್ದೇನೆ.

ಗಿಡಗಳನ್ನು ತೆಗೆಯುವ ಕೆಲಸ ನಿಮಗೆ ತಪ್ಪಿತು.

ಶಹನಾ


ನೆಟ್ಟಣ
೧೩ ಮಾರ್ಚ್ ೨೦೨೩

ಶಹನಾ ಅವರಿಗೆ,

ಇದು ಸ್ಪೀಡ್ ಪೋಸ್ಟಿನಲ್ಲಿ ಬರುತ್ತಿದೆ. ಹೋಗುವವರನ್ನು ಕಾಯುವಂತಿಲ್ಲ.

ಗೋಡೆ ಕಟ್ಟಿಸಿ. ಮಳೆಗೆ ಮೊದಲೇ, ಅಡಿಪಾಯಕ್ಕಿಂತ ಮೊದಲೇ.

ಧರೆ ನಿಂತಿಲ್ಲ. ಮೊದಲ ವರ್ಷ ಆಗಸ್ಟಿನಲ್ಲಿ ಮೇಲಿನ ಸಾಲು ಕೆಳಗೆ ಬಂತು. ಹದಿನಾಲ್ಕು ಬುಟ್ಟಿ ಮಣ್ಣು. ನಾನು ಅದನ್ನು ಹೊತ್ತು ನನ್ನ ತೆಂಗಿನ ಬುಡಕ್ಕೆ ಹಾಕಿದೆ, ಜಾರಿದ ಕಡೆ ಮಣ್ಣು ತಟ್ಟಿ ಹೊಸ ಗಿಡ ನೆಟ್ಟೆ, ಬೇರು ಹಿಡಿಯುವವರೆಗೆ ತೆಂಗಿನ ಮಡಲು ಹೊದಿಸಿದೆ. ಎರಡನೆಯ ವರ್ಷ ಇಪ್ಪತ್ತೆರಡು ಬುಟ್ಟಿ. ಕಳೆದ ವರ್ಷ ಐವತ್ತು ದಾಟಿತು, ಜತೆಗೆ ಒಬ್ಬನಿಂದ ಎತ್ತಲಾಗದ ಒಂದು ಕಲ್ಲು. ಅದನ್ನು ಉರುಳಿಸಿ ನನ್ನ ಗಡಿಯೊಳಗೆ ತಂದೆ. ಆದಂ ಕುಂಞಿ ಡಿಸೆಂಬರಿನಲ್ಲಿ ಬರುವಾಗ ಎಲ್ಲ ಹಸಿರಾಗಿತ್ತು. ಅವರು ನೋಡಿದ್ದು ನನ್ನ ಕೆಲಸವನ್ನು, ಧರೆಯನ್ನಲ್ಲ.

ಮೊದಲ ವರ್ಷ ಹೇಳದಿದ್ದದ್ದು ಮರ್ಯಾದೆಯಿಂದ. ಬೇರೆಯವರ ಜಾಗದಲ್ಲಿ ಆದ ಹಾನಿಯನ್ನು ದೂರದಲ್ಲಿರುವವರಿಗೆ ಹೇಳಿ ಯಾಕೆ ನಿದ್ದೆ ಕೆಡಿಸುವುದು ಎಂದು ನಾವೆಲ್ಲ ಮಾಡುವ ಹಾಗೆ ಸರಿ ಮಾಡಿಟ್ಟೆ. ಎರಡನೆಯ ವರ್ಷ ಅದು ಅಭ್ಯಾಸ. ಕಳೆದ ತಿಂಗಳು ನೀವು ನೇರವಾಗಿ ಕೇಳಿದಾಗ ಅದು ಸುಳ್ಳು. ಒಂದೇ ಕೆಲಸ ಮೂರು ಹೆಸರು ಪಡೆಯಿತು, ನನ್ನ ಕೈ ಮಾತ್ರ ವ್ಯತ್ಯಾಸ ಗುರುತಿಸಲಿಲ್ಲ.

ಇನ್ನೊಂದು ಉಂಟು. ಸಾಲುಗಳಿಗಾಗಿ ಮೂರು ಮೆಟ್ಟಿಲು ಕಡಿದವನು ನಾನು. ಮೇಲಿನ ಮೆಟ್ಟಿಲಲ್ಲಿ ನೀರು ನಿಂತು ಒಳಗೆ ಇಳಿಯುತ್ತಿತ್ತು ಎಂದು ಈಗ ಅನಿಸುತ್ತದೆ. ಹೂಗಳು ಧರೆಯನ್ನು ಹಿಡಿಯಲಿಲ್ಲ. ನೆಡಲು ಹೋಗಿ ನಾನೇ ಸಡಿಲ ಮಾಡಿದೆ.

ಈ ಕಾಗದವನ್ನು ಹರಿದುಹಾಕುವ ದಾರಿ ಇರಬಾರದೆಂದು ಮೊದಲು ಪಾತುಮ್ಮನಿಗೆ ಹೇಳಿದೆ. ಕೋಳಿಗಳಿಗೆ ಅಕ್ಕಿ ಹಾಕುತ್ತಿದ್ದರು. "ಮೂರು ವರ್ಷ ನೀವು ಹೊತ್ತದ್ದು ಮಣ್ಣಾ? ನಾನು ಗೊಬ್ಬರ ಅಂತ ಗ್ರಹಿಸಿದ್ದೆ" ಎಂದರು. ಆಮೇಲೆ ಅಕ್ಕಿ ತುಂಬಿದ ತೆಂಗಿನ ಗೆರಟೆ ಕೆಳಗಿಟ್ಟರು. "ಅದು ಅತ್ತಿಗೆ ಮಲಗುವ ಕೋಣೆ ತ್ಯಾಂಪಣ್ಣ. ನಿಮ್ಮ ಹುಳಗಳಿಗೆ ಹೂ ಸಾಕಾಗ್ಲಿಲ್ವಾ?"

ಅಲ್ಲಿಂದ ನೇರ ಬಂದು ಇದನ್ನು ಬರೆಯಲು ಕೂತೆ.

ಹೇಳುತ್ತಾ ಇರುವಾಗ ಪೂರ್ತಿ ಹೇಳುತ್ತೇನೆ. ನೀವು ಕಳಿಸಿದ ನೂರು ದಳದ ಹೂವಿನ ಮೇಲೆ ಒಂದು ಹುಳವೂ ಕೂತಿಲ್ಲ. ದಳ ಹೆಚ್ಚಾದಷ್ಟು ಒಳಗೆ ದಾರಿ ಇಲ್ಲ. ಸುತ್ತು ಹೊಡೆದು ಹೋಗುತ್ತಿದ್ದವು.

ತ್ಯಾಂಪಣ್ಣ


ಶಾರ್ಜಾ
೨೪ ಮಾರ್ಚ್ ೨೦೨೩

ತ್ಯಾಂಪಣ್ಣನವರಿಗೆ,

ತಡೆಗೋಡೆಯ ಕೆಲಸ ಏಪ್ರಿಲ್ ಮೂರಕ್ಕೆ ಶುರು. ಕರಿಕಲ್ಲು, ನೀರು ಹೋಗಲು ನಾಲ್ಕು ನಾಲ್ಕು ಅಡಿಗೆ ತೂತು. ಅದಕ್ಕೆ ಮೊದಲು ಗಿಡಗಳನ್ನು ತೆಗೆಯಬೇಕು. ಎಲ್ಲಿಗೆ ಎನ್ನುವುದು ನಿಮ್ಮ ಚಿಂತೆ.

ಉಮ್ಮನಿಗೆ ಏನೂ ಹೇಳಿಲ್ಲ. ನಕ್ಷೆಯಲ್ಲಿ ಕಿಟಕಿಯನ್ನು ಮತ್ತೆ ಚಿಕ್ಕದು ಮಾಡಿಸಿದೆ.

ನೀವು ಬರೆಯದೆಯೂ ಇರಬಹುದಿತ್ತು ಎಂದು ನಿಝಾಮ್ ಹೇಳುತ್ತಾರೆ. ಅದು ನನಗೂ ಗೊತ್ತು. ಆದರೂ ಇವತ್ತು ನಿಮಗೆ ಥ್ಯಾಂಕ್ಸ್ ಹೇಳಲು ಮನಸ್ಸಿಲ್ಲ.

ಬೀಜದ ವಿಷಯ ಕೊನೆಗೆ ಓದಿದೆ. ಇಷ್ಟು ದೊಡ್ಡ ವಿಷಯದ ಬದಿಯಲ್ಲಿ ಅಷ್ಟು ಸಣ್ಣದು ಯಾಕೆ ಹೆಚ್ಚು ನೋಯಿಸಿತೋ ಗೊತ್ತಿಲ್ಲ. ಫ್ರಿಜ್ಜಿನ ಫೋಟೊ ತೆಗೆದಿಟ್ಟಿದ್ದೇನೆ.

ಶಹನಾ


ನೆಟ್ಟಣ
೩೦ ಮೇ ೨೦೨೩

ಶಹನಾ ಅವರಿಗೆ,

ಗೋಡೆ ಮುಗಿಯಿತು. ದಿನಾ ಹೋಗಿ ನಿಂತೆ. ಕಲ್ಲು ಕಟ್ಟುವವರು ನನ್ನನ್ನು ನಿಮ್ಮ ಕಡೆಯ ಮೇಸ್ತ್ರಿ ಎಂದುಕೊಂಡರು, ತಿದ್ದಿದೆ.

ಕೇಪಳ ಬುಡಸಮೇತ ಬಂತು. ಉಳಿದದ್ದನ್ನು ಕಡ್ಡಿ ಮಾಡಿ, ಸ್ವಲ್ಪವಾದರೂ ಬಿಸಿಲು ಇರುವ ಕಡೆಗಳಿಗೆ ಹಂಚಿದೆ. ಶಾಲೆಯ ಬೇಲಿ, ಮದರಸದ ಗೇಟಿನ ಎರಡು ಬದಿ, ಸ್ಟೇಷನ್ ರಸ್ತೆಯ ಒಂದು ಗ್ಯಾರೇಜು. ಒಂದೇ ಧರೆಯಲ್ಲಿ ಇದ್ದದ್ದು ಈಗ ಹನ್ನೊಂದು ಕಡೆ ಇದೆ. ಕೇಳದೆ ಎಲ್ಲೂ ನೆಡಲಿಲ್ಲ. ಪಾತುಮ್ಮ ಅಂಗಳದಲ್ಲಿ ಎರಡು ಮಾರು ಜಾಗ ಕೊಟ್ಟರು. "ನಿಮ್ಮ ಮೇಲೆ ಸಿಟ್ಟು ಉಂಟು. ಹುಳದ ಮೇಲೆ ಎಂತಕ್ಕೆ?" ಎಂದರು.

ಈ ಮಳೆಗಾಲ ಕೆಲವು ಕುಟುಂಬಗಳು ಹೋಗುತ್ತವೆ. ಎಷ್ಟು ಎಂದು ಬರೆಯುತ್ತೇನೆ, ಕಡಿಮೆ ಮಾಡಿ ಬರೆಯುವುದಿಲ್ಲ.

ತ್ಯಾಂಪಣ್ಣ

೪ ಅಕ್ಟೋಬರ್: ಆರು ಹೋದವು. ಹದಿಮೂರು ಉಳಿದಿವೆ.


ನೆಟ್ಟಣ
೮ ಫೆಬ್ರವರಿ ೨೦೨೪

ತ್ಯಾಂಪಣ್ಣ,

ನಮ್ಮ ಹಿತ್ತಿಲಿನಿಂದ ನಿಮ್ಮ ಬೇಲಿಗೆ ಅರವತ್ತು ಹೆಜ್ಜೆ. ಬಂದು ಒಂದು ತಿಂಗಳಾಯಿತು. ಎದುರಿಗೆ ಸಿಕ್ಕಿದರೆ ನೀವು ಕರೆಂಟಿನ ಮಾತು ಆಡುತ್ತೀರಿ, ನಾನು ಟ್ಯಾಂಕಿನ ಮಾತು ಆಡುತ್ತೇನೆ. ಆದ್ದರಿಂದ ಬರೆಯುತ್ತಿದ್ದೇನೆ.

ನಾನೂ ಒಂದನ್ನು ಹೇಳಿರಲಿಲ್ಲ. ೨೦೨೨ರಲ್ಲಿ ಈ ಜಾಗ ಮಾರಲು ಒಪ್ಪಿದ್ದೆ. ಕೊಳ್ಳುವವರು ಕೊನೆಯಲ್ಲಿ ಹಿಂದೆ ಸರಿದರು, ಅಷ್ಟೇ. ಮಾತುಕತೆ ನಡೆದ ಆ ಆರು ತಿಂಗಳು ನೀವು ನೆಡುತ್ತಾ ಇದ್ದಿರಿ, ನಾನು ನಿಮಗೆ ಒಂದು ಸಾಲೂ ಬರೆಯಲಿಲ್ಲ. ಆದರೂ ನನ್ನದು ನಿಮ್ಮದಕ್ಕೆ ಸಮ ಎಂದು ಹೇಳುತ್ತಿಲ್ಲ. ನನ್ನ ಮೌನದ ಕೆಳಗೆ ಯಾರೂ ಮಲಗುವವರಿರಲಿಲ್ಲ.

ಇವತ್ತು ಏಣಿ ಹಾಕಿ ಗೋಡೆಯ ಮೇಲೆ ಹತ್ತಿ ನೋಡಿದೆ. ಗೋಡೆಗೂ ಗುಡ್ಡಕ್ಕೂ ನಡುವೆ ಮಣ್ಣು ತುಂಬಿದ ನಾಲ್ಕು ಅಡಿ ಅಗಲದ ಪಟ್ಟಿ, ಉದ್ದಕ್ಕೂ ಖಾಲಿ. ಅಲ್ಲಿ ಏನೂ ಕಟ್ಟಲಾಗದು. ಹನ್ನೊಂದು ಗಂಟೆಗೆ ಕೈ ಸುಡುವಷ್ಟು ಬಿಸಿಲು. ನೆಡಿ. ಮೆಟ್ಟಿಲು ಕಡಿಯಬೇಡಿ. ಒಂದೇ ಸುತ್ತು ದಳದ ಹೂ ಇರಲಿ, ನಾನೂ ಕಲಿತೆ.

ಬರುವ ಮಳೆಯಲ್ಲಿ ಮಣ್ಣು ಜಾರಿದರೆ, ಒಂದು ಬುಟ್ಟಿಯಾದರೂ, ಸರಿ ಮಾಡುವ ಮೊದಲು ನನಗೆ ಗೊತ್ತಾಗಬೇಕು. ನನ್ನದು ಇಷ್ಟೇ.

ಕಿಟಕಿ ಚಿಕ್ಕದಾದದ್ದಕ್ಕೆ ಉಮ್ಮ ಇವತ್ತಿಗೂ ಮೇಸ್ತ್ರಿಯನ್ನು ಬೈಯುತ್ತಾರೆ.

ಶಹನಾ


ನೆಟ್ಟಣ
೧೭ ಜುಲೈ ೨೦೨೪, ಬೆಳಿಗ್ಗೆ ಏಳೂವರೆ

ಶಹನಾ,

ನಿನ್ನೆಯ ಮಳೆಗೆ ಗೋಡೆಯ ಹಿಂದೆ, ಪಡುವಣ ಮೂಲೆಯಲ್ಲಿ, ಸುಮಾರು ಮೂರು ಬುಟ್ಟಿ ಮಣ್ಣು ಗುಡ್ಡದಿಂದ ಜಾರಿ ಬಂದಿದೆ. ಎರಡು ಕೇಪಳ ಅದರಡಿಗೆ ಹೋಗಿವೆ. ಗೋಡೆಗೆ ಏನೂ ಆಗಿಲ್ಲ, ತೂತುಗಳಲ್ಲಿ ನೀರು ಬರುತ್ತಿದೆ. ನಾನು ಏನನ್ನೂ ಮುಟ್ಟಿಲ್ಲ.

ಏಣಿ ಇಟ್ಟಿದ್ದೇನೆ. ಬಂದು ನೋಡಿ.

ತ್ಯಾಂಪಣ್ಣ